ಬೋರ್ಡಿನ ಬೆಲೆ, ಭಾನುವಾರದ ಬೆಲೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕೊಡೆ ಇದೆ. ಕಪ್ಪನೆಯದು, ಬಿಚ್ಚಿದರೆ ಕೆಳಗೆ ಒಂದು ಸಂಸಾರವೇ ನಿಲ್ಲಬಹುದು ಎಂದು ಕೊಟ್ಟವರು ಹೇಳಿದ್ದರು. ಇವತ್ತಿನವರೆಗೆ ಅದನ್ನು ಯಾರೂ ಬಿಚ್ಚಿಲ್ಲ. ಎಷ್ಟೇ ಜೋರು ಮಳೆ ಬರಲಿ, ತಲೆಗೊಂದು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಓಡುತ್ತೇನೆಯೇ ಹೊರತು ನಾನು ಆ ಕೊಡೆ ಮುಟ್ಟುವುದಿಲ್ಲ. ಅದರ ಪಕ್ಕದಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಒಳಗೆ ಕತ್ತಿನ ಹಿಂದೆ ಇಟ್ಟುಕೊಳ್ಳುವ ಎರಡು ಪುಟ್ಟ ದಿಂಬು, ಒಂದು ಸೆಂಟಿನ ಬಾಟಲಿ, ಬಾಗಿಲ ಕೆಳಗೆ ಅಂಟಿಸುವ ಹೊಳೆಯುವ ಪಟ್ಟಿಗಳು, ಕಸ ಹೀರುವ ಆಟಿಕೆಯಂಥ ಒಂದು ಯಂತ್ರ. ಇವೆಲ್ಲಕ್ಕೂ, ಕಾರಿಗೆ ಹೊದಿಸುವ ಒಂದು ಮುಸುಕಿಗೂ ಸೇರಿಸಿ ಕಾರಿನ ಷೋರೂಮಿನವರು ಇಟ್ಟ ಹೆಸರು ‘ಕಿಟ್’. ಆ ಕಿಟ್ಟಿಗೆ ನಾವು ತೆತ್ತದ್ದು ಒಂದು ಬೆಳೆ ರೇಷ್ಮೆಗೂಡಿನ ದುಡ್ಡು. ಬೇಕೆಂದು ಕೊಂಡದ್ದಲ್ಲ. ಮೆತ್ತನೆಯ ಸೋಫಾದ ಮೇಲೆ ಕೂರಿಸಿ, ಕಾಫಿ ಕೊಟ್ಟು, ನಗುನಗುತ್ತಲೇ ಕತ್ತು ಹಿಡಿದು ಮಾರಿದ್ದು.

ಇದೆಲ್ಲ ಶುರುವಾದದ್ದು ನಮ್ಮ ಅತ್ತೆಯಿಂದ. ಅತ್ತೆ ಎಂದರೆ ಅಪ್ಪನ ಅಕ್ಕ, ಇದ್ದ ಒಬ್ಬಳೇ ಅಕ್ಕ. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಕಡೆಗೆ ಮದುವೆಯಾಗಿ ಹೋದವಳು. ನಮ್ಮದು ಕನಕಪುರದಾಚೆ, ಕೋಡಿಹಳ್ಳಿ ಹತ್ತಿರದ ಊರು. ಒಂದೇ ಜಿಲ್ಲೆ ಎನ್ನುವುದು ಹೆಸರಿಗಷ್ಟೆ. ಇಲ್ಲಿಂದ ಅಲ್ಲಿಗೆ ಹೋಗಬೇಕಾದರೆ ಕನಕಪುರದಲ್ಲಿ ಒಂದು ಬಸ್ಸು, ರಾಮನಗರದಲ್ಲಿ ಒಂದು ಬಸ್ಸು, ಮಾಗಡಿಯಲ್ಲಿ ಇನ್ನೊಂದು ಬಸ್ಸು ಎಂದು ಹತ್ತಿ ಇಳಿಯುವುದರಲ್ಲೇ ಅರ್ಧ ದಿನ ಕಳೆಯುತ್ತದೆ.

ನಾನು ಇನ್ನೂ ಚಿಕ್ಕ ಶಾಲೆಯಲ್ಲಿದ್ದಾಗ ಅಪ್ಪ ನಾಡಹೆಂಚಿನ ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ. ಗೃಹಪ್ರವೇಶದ ದಿನ ಕಳಸ ಹಿಡಿದು ಮೊದಲು ಹೊಸ್ತಿಲು ದಾಟಬೇಕಾದವಳು ಮನೆಮಗಳು, ಅಂದರೆ ಅತ್ತೆ. ಅವಳನ್ನು ತಮ್ಮನೇ ಹೋಗಿ ಕರೆತರಬೇಕು, ನಮ್ಮ ಕಡೆ ಅದೇ ಮರ್ಯಾದೆ. ಅಪ್ಪ ಗಡಿಬಿಡಿಯಲ್ಲಿ ಒಂದು ಬಾಡಿಗೆ ಕಾರು ಗೊತ್ತುಮಾಡಿ, ಅಮ್ಮನ ತವರಿನವರನ್ನು ಕರೆತರಲು ಅದನ್ನು ಚನ್ನಪಟ್ಟಣಕ್ಕೆ ಕಳಿಸಿದ. ಅಕ್ಕನಿಗೆ ‘ಬಸ್ಸಲ್ಲಿ ಬಂದ್ಬುಡು’ ಎಂದು ಯಾರದೋ ಬಾಯಲ್ಲಿ ಹೇಳಿ ಕಳಿಸಿದ. ಅತ್ತೆ ಬಸ್ಸು ಬದಲಿಸುತ್ತ ಬದಲಿಸುತ್ತ ಬಂದು, ಟಾರು ರಸ್ತೆಯಲ್ಲಿ ಇಳಿದು, ಹೊಸ ಮನೆಗೆಂದು ತಂದ ಹಿತ್ತಾಳೆ ಬಿಂದಿಗೆಯನ್ನು ಸೊಂಟದಲ್ಲಿಟ್ಟುಕೊಂಡು ಬಿಸಿಲಲ್ಲಿ ನಡೆದು ಬಂದಳು. ಅಷ್ಟರಲ್ಲಿ ಮುಹೂರ್ತ ಮೀರುತ್ತದೆಂದು ಪುರೋಹಿತರು ಅವಸರ ಮಾಡಿ, ಅಮ್ಮನ ತಂಗಿಯ ಕೈಗೆ ಕಳಸ ಕೊಡಿಸಿ ಒಳಗೆ ಕಳಿಸಿಬಿಟ್ಟಿದ್ದರು. ಅತ್ತೆ ಅಂಗಳದಲ್ಲಿ ನಿಂತಿದ್ದ ಬಾಡಿಗೆ ಕಾರನ್ನು ನೋಡಿದಳು. ಒಳಗೆ ಹೋಗುತ್ತಿದ್ದ ಕಳಸವನ್ನು ನೋಡಿದಳು. ಬಿಂದಿಗೆಯನ್ನು ಮೆಟ್ಟಿಲ ಮೇಲಿಟ್ಟಳು.

“ಹೆಂಡ್ತಿ ಕಡೇರ್ಗೆ ಕಾರು, ಒಡಹುಟ್ಟಿದೋಳ್ಗೆ ಬಸ್ಸು. ಆಯ್ತು ಕಣ್ಲಾ. ನೀನು ಸ್ವಂತ ಕಾರು ತಂದು, ನನ್ ಕೈ ಹಿಡ್ದು ಕರ್ಕೊಂಡ್ ಬರೋಗಂಟ ಈ ಹೊಸ್ಲು ತುಳಿಯಾಕಿಲ್ಲ.”

ಇಷ್ಟು ಹೇಳಿ ಬಂದ ದಾರಿಯಲ್ಲೇ ತಿರುಗಿ ಹೋದಳು. ಆಗ ಅಪ್ಪನ ಹತ್ತಿರ ಸ್ವಂತದ್ದು ಎಂದು ಇದ್ದ ವಾಹನ ಒಂದು ಸೈಕಲ್ಲು. ಸ್ವಂತ ಕಾರು ಎಂದರೆ ‘ಎಂದೆಂದಿಗೂ ಇಲ್ಲ’ ಎಂಬುದಕ್ಕೆ ಇನ್ನೊಂದು ಮಾತು ಎಂದೇ ಎಲ್ಲರೂ ತಿಳಿದರು.

ಅತ್ತೆ ನಂಟು ಕಡಿದುಕೊಳ್ಳಲಿಲ್ಲ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅಪ್ಪ ಬಾಗಿನ ತೆಗೆದುಕೊಂಡು ತಿಪ್ಪಸಂದ್ರಕ್ಕೆ ಹೋಗುತ್ತಿದ್ದ. ಎಷ್ಟೋ ಸಲ ನಾನೂ ಜೊತೆಗೆ ಹೋಗಿದ್ದೇನೆ. ಅತ್ತೆ ಒಳ್ಳೆಯ ಸೀರೆಯುಟ್ಟು, ತಲೆ ಬಾಚಿ, ಹೂ ಮುಡಿದು ಜಗಲಿಯಲ್ಲೇ ಕೂತಿರುತ್ತಿದ್ದಳು. ಗೋಡೆಯ ಮೊಳೆಯಲ್ಲಿ ಒಂದು ವೈರ್ ಬ್ಯಾಗು ತುಂಬಿ ನೇತಾಡುತ್ತಿರುತ್ತಿತ್ತು. ಬಾಗಿನ ಇಸಿದುಕೊಳ್ಳುತ್ತಿದ್ದಳು, ಹೊಟ್ಟೆ ಬಿರಿಯುವಷ್ಟು ಊಟ ಬಡಿಸುತ್ತಿದ್ದಳು, ನನ್ನ ಕೆನ್ನೆ ಹಿಂಡುತ್ತಿದ್ದಳು. ಅಪ್ಪ ‘ಬತ್ತೀನಕ್ಕ’ ಎಂದು ಎದ್ದರೆ ‘ಹೂಂ’ ಎನ್ನುತ್ತಿದ್ದಳು. ಕಾರಿನ ಮಾತನ್ನು ಅವಳೂ ಎತ್ತುತ್ತಿರಲಿಲ್ಲ, ಇವನೂ ಎತ್ತುತ್ತಿರಲಿಲ್ಲ. ವಾಪಸ್ ಬರುವಾಗ ಅಪ್ಪ ಬಸ್ಸಿನ ಕಿಟಕಿಯ ಕಡೆಗೆ ಮುಖ ಮಾಡಿ ಕೂರುತ್ತಿದ್ದ. ಆಗ ಮಾತಾಡಿಸಿದರೆ ಬೈಸಿಕೊಳ್ಳಬೇಕಾಗುತ್ತಿತ್ತು.

ಹೀಗೇ ವರ್ಷಗಳು ಹೋದವು. ನಾನು ಓದಿದೆ, ರಾಮನಗರದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಡಂ ಆದೆ, ಡ್ರೈವಿಂಗ್ ಕಲಿತೆ. ಅಪ್ಪನ ಹಿಪ್ಪುನೇರಳೆ ತೋಟಕ್ಕೆ ಹನಿ ನೀರು ಬಂತು, ಗೂಡಿಗೆ ಒಳ್ಳೆಯ ರೇಟು ಬಂತು. ಒಂದು ದಿನ ಊಟಕ್ಕೆ ಕೂತಾಗ ಅಪ್ಪ, “ಕಾರ್ ತಕ್ಕಳಣ ಕಣವ್ವ,” ಎಂದ. ಅಮ್ಮ ಸಾರು ಹಾಕುತ್ತಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನಿಂತಳು. ಯಾಕೆಂದು ಯಾರೂ ಕೇಳಲಿಲ್ಲ.

ನಾನು ಹಳೆಯ ಕಾರೊಂದನ್ನು ಕೊಳ್ಳೋಣ ಎಂದೆ. “ಯಾರೋ ಕುಂತು ಎದ್ದಿರೋ ಸೀಟ್ನಾಗೆ ನಮ್ಮಕ್ಕನ್ನ ಕುಂಡ್ರಿಸ್ಲಾ?” ಎಂದು ಅಪ್ಪ ರೇಗಿದ. ಸಣ್ಣ ಹೊಸ ಕಾರು ನೋಡಿದೆವು. ಅಪ್ಪ ಅದರೊಳಗೆ ಕೂತು ಎದ್ದು ತಲೆಯಾಡಿಸಿದ. ಅತ್ತೆಗೆ ಈಗ ಮಂಡಿ ನೋವು, ಅಷ್ಟು ಕೆಳಗೆ ಬಗ್ಗಿ ಕೂರಲಾರಳು. ದೊಡ್ಡ ಜೀಪಿನಂಥವು ಎತ್ತರ, ಕಾಲೆತ್ತಿ ಹತ್ತಲಾರಳು. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಒಂದು ಹೊಸ ಮಾಡೆಲ್ಲಿನ ಸೀಟು ಮಾತ್ರ ಸರಿಯಾಗಿ ಕುರ್ಚಿಯ ಎತ್ತರಕ್ಕಿತ್ತು. ರಾಮನಗರದ ಹೈವೇ ಪಕ್ಕದ ಗಾಜಿನ ಷೋರೂಮಿನಲ್ಲಿ ಅದನ್ನು ನಿಲ್ಲಿಸಿದ್ದರು. ಅಪ್ಪ ಮಂಡಿ ನೋವಿರುವವನ ಹಾಗೆ ನಟಿಸುತ್ತ ಅದರಲ್ಲಿ ಮತ್ತೆ ಮತ್ತೆ ಕೂತು ಎದ್ದ. ಸೇಲ್ಸಿನ ಹುಡುಗ ಮೈಲೇಜಿನ ಬಗ್ಗೆ ಹೇಳುತ್ತಲೇ ಇದ್ದ, ಅಪ್ಪ ಕೇಳಿಸಿಕೊಳ್ಳಲಿಲ್ಲ. “ಇದೇ ಕಣವ್ವ. ಅಕ್ಕ ಕುಂತ್ಕತಾಳೆ,” ಎಂದ.

ಕಾರಿನ ಪಕ್ಕದ ಬೋರ್ಡಿನಲ್ಲಿ ಬೆಲೆ ದಪ್ಪಕ್ಷರದಲ್ಲಿ ಇತ್ತು. ಅದರ ಪ್ರಕಾರ ಮುಂಗಡ ಕೊಟ್ಟೆವು. ಧನುರ್ಮಾಸ ಹುಟ್ಟುವುದರೊಳಗೆ ಗಾಡಿ ಕೈಗೆ ಕೊಡುತ್ತೇವೆಂದು ಮ್ಯಾನೇಜರು ಗ್ಯಾರಂಟಿ ಹೇಳಿದ. ಧನುರ್ಮಾಸದಲ್ಲಿ ನಮ್ಮಲ್ಲಿ ಯಾರೂ ಹೊಸ ಗಾಡಿ ಮನೆಗೆ ತರುವುದಿಲ್ಲ. ಆ ಮಾತನ್ನು ನಂಬಿ ಅಪ್ಪ ಅದಕ್ಕೆ ಮುಂಚಿನ ಭಾನುವಾರ ‘ಪರ’ ಇಟ್ಟುಕೊಂಡ. ಪರ ಎಂದರೆ ದೇವರ ಹೆಸರಿನಲ್ಲಿ ಮರಿ ಕಡಿದು, ನಂಟರಿಗೂ ಊರಿಗೂ ಬಾಡೂಟ ಹಾಕುವುದು. ಅತ್ತೆಗೂ ಫೋನ್ ಹೋಯಿತು. ಅವಳು ಮೊದಲು, “ಸ್ವಂತದ್ದೇಯೇನ್ಲಾ?” ಎಂದು ಕೇಳಿದಳಂತೆ. ಅಪ್ಪ ಈ ಮಾತನ್ನು ಮನೆಗೆ ಬಂದವರಿಗೆಲ್ಲ ಹೇಳಿದ.

ಇಲ್ಲಿಯವರೆಗೆ ಎಲ್ಲ ಸರಿ. ಎಡವಟ್ಟಾದದ್ದು ಮುಂದಿನ ವಾರ ನಾವು ಬಣ್ಣ ಆರಿಸಲು ಹೋದಾಗ. ನಾನು ಕ್ಯಾಬಿನ್ನಿನಲ್ಲಿ ಬಿಳಿಯೋ ಬೂದಿಯೋ ಎಂದು ನೋಡುತ್ತಿದ್ದೆ. ಅಪ್ಪ ಸುಮ್ಮನೆ ಕೂರುವ ಪೈಕಿಯವನಲ್ಲ. ಎದ್ದು, ಅಂಗಿ ಸರಿಮಾಡಿಕೊಂಡು, ಒಂದೊಂದೇ ಮೇಜಿಗೆ ಹೋಗಿ ಷೋರೂಮಿನವರನ್ನೆಲ್ಲ ಊಟಕ್ಕೆ ಕರೆದ. ಮ್ಯಾನೇಜರು, ಸೇಲ್ಸಿನ ಹುಡುಗ, ಕ್ಯಾಷಿನವಳು, ಬಾಗಿಲಲ್ಲಿ ನಿಂತ ಸೆಕ್ಯೂರಿಟಿ, ಹಿಂದುಗಡೆ ಕಾರು ತೊಳೆಯುತ್ತಿದ್ದವರು, ಒಬ್ಬರನ್ನೂ ಬಿಡಲಿಲ್ಲ. ನಮ್ಮ ಕಡೆಯವರು ಊಟಕ್ಕೆ ಕರೆದರೆ ಹಾಗೇ. ನಿಂತು, ಕೈಮುಗಿದು, ಯಾಕೆ ಏನು ಎತ್ತ ಎಂದು ಪೂರ್ತಿ ಹೇಳಿ ಕರೆಯಬೇಕು, ಇಲ್ಲದಿದ್ದರೆ ಅದು ಕರೆದದ್ದಲ್ಲ. “ಭಾನ್ವಾರ ಸಾ. ಎರಡು ಮರಿ ತಂದು ಕಟ್ಟೀವ್ನಿ. ನಮ್ಮಕ್ಕ ಗೃಹಪ್ರವೇಶದಲ್ಲಿ ಮುನಿಸ್ಕಂಡ್ ಹೋದೋಳು ಅವತ್ತೇ ಬತ್ತಾಳೆ. ಈ ಕಾರಲ್ಲೇ ಕರ್ಕೊಂಡ್ ಬರ್ಬೇಕು. ಅದಾಗಿ ಧನುರ್ಮಾಸ, ಏನೂ ಮಾಡಂಗಿಲ್ಲ. ತಪ್ಪಿಸ್ಕಬ್ಯಾಡಿ ಸಾ.”

ನಾನು ಕ್ಯಾಬಿನ್ನಿನಿಂದ ಹೊರಬಂದಾಗ ಮ್ಯಾನೇಜರು ಅಪ್ಪನ ಎರಡೂ ಕೈ ಹಿಡಿದುಕೊಂಡು, ಖಂಡಿತಾ ಬರ್ತೀವಿ ಯಜಮಾನ್ರೆ, ಎನ್ನುತ್ತಿದ್ದ. ನನಗೆ ಆ ಮನುಷ್ಯ ಒಳ್ಳೆಯವನು ಎನ್ನಿಸಿತು.

ಆ ಭಾನುವಾರಕ್ಕೆ ಇನ್ನೇನು ನಾಲ್ಕಾರು ದಿನ ಇದೆ ಎನ್ನುವಾಗ ಫೋನ್ ಬಂತು. ಗಾಡಿ ಬಂದಿದೆ, ಒಸಿ ಮಾತಾಡೋದಿದೆ, ಬಂದು ಹೋಗಿ ಎಂದರು. ಹೋದೆವು. ಅದೇ ಸೋಫಾ, ಅದೇ ರಟ್ಟಿನ ಕಪ್ಪಿನ ಕಾಫಿ. ಗಾಜಿನಾಚೆ ಮುಸುಕು ಹಾಕಿದ ಒಂದು ಕಾರು.

“ನಿಮ್ದೇ ಗಾಡಿ ಮೇಡಂ, ನಿಮ್ದೇ ಕಲರ್ರು. ಆದ್ರೆ ಈ ಸಲ ಬಂದಿರೋದೆಲ್ಲ ಕಿಟ್ ಫಿಟ್ ಆಗಿರೋ ಗಾಡಿಗಳು,” ಎಂದ ಮ್ಯಾನೇಜರು. ಒಂದು ಹಾಳೆ ಮುಂದೆ ತಳ್ಳಿದ. ಕಿಟ್ಟು, ಅವರಲ್ಲೇ ಮಾಡಿಸಬೇಕಾದ ಇನ್ಶೂರೆನ್ಸು, ಮೇಲೆ ‘ಹ್ಯಾಂಡ್ಲಿಂಗ್’ ಎಂಬ ಇನ್ನೊಂದು ಖರ್ಚು. ಬೋರ್ಡಿನ ಬೆಲೆ ಎಲ್ಲೋ ಕೆಳಗೆ ಉಳಿದುಹೋಗಿತ್ತು.

“ಕಿಟ್ ಬಿಚ್ಚಿಬಿಡಿ. ನಮಗೆ ಬೇಡ.”

“ಕಂಪಲ್ಸರಿ ಮೇಡಂ.”

“ಯಾರು ಕಂಪಲ್ಸರಿ ಮಾಡಿದ್ದು? ಕಂಪನಿಯವರಾ?”

“ಕಂಪನಿ ಅಲ್ಲ. ನಮ್ ಕಡೆಯಿಂದ.”

“ಇದರಲ್ಲಿ ಕೊಡೆ ಅಂತಿದೆ. ಕೊಡೆಯನ್ನು ಕಾರಿಗೆ ಎಲ್ಲಿ ಫಿಟ್ ಮಾಡಿದ್ದೀರಿ, ತೋರಿಸಿ?”

ಅವನು ನಕ್ಕ. ನಾನು ತಮಾಷೆ ಮಾಡುತ್ತಿದ್ದೇನೆ ಎಂದು ಅವನು ತಿಳಿದಂತೆ ನಟಿಸಿದ. ಮುಂಗಡದ ರಸೀದಿ ತೆಗೆದು ತೋರಿಸಿದೆ, ಗ್ಯಾರಂಟಿ ಹೇಳಿದ್ದನ್ನು ನೆನಪಿಸಿದೆ, ದೂರು ಕೊಡುತ್ತೇನೆ ಎಂದೆ. ಅವನು ಎಲ್ಲಕ್ಕೂ ತಲೆದೂಗಿದ. ಬೇಡವಾದರೆ ಮುಂಗಡ ವಾಪಸ್ ತೆಗೆದುಕೊಳ್ಳಬಹುದು, ಹಿಂದೆ ತುಂಬಾ ಜನ ಕಾಯುತ್ತಿದ್ದಾರೆ, ನಮ್ಮ ಮೇಲೆ ಅವನಿಗೇನೂ ಬೇಜಾರಿಲ್ಲ ಎಂದ. ಆಮೇಲೆ ಅಪ್ಪನ ಕಡೆ ತಿರುಗಿ, ಬಹಳ ಮೃದುವಾಗಿ, “ಭಾನುವಾರ ಅಲ್ವಾ ಯಜಮಾನ್ರೆ ಊಟ? ನಾವೆಲ್ಲ ಬರ್ತಾ ಇದ್ದೀವಿ,” ಎಂದ.

ಅಪ್ಪನ ಮುಖ ನೋಡಿದೆ. ಅವನಿಗೆ ಅರ್ಥವಾಗಿತ್ತು. ಕಾಫಿ ಕಪ್ಪನ್ನು ಮೇಜಿನ ಮೇಲಿಟ್ಟು, “ಒಸಿ ಹೊರಗಡೆ ಬಾ ಮಗಾ,” ಎಂದ. ಹೊರಗೆ ಹೈವೇಯಲ್ಲಿ ಲಾರಿಗಳು ಹೋಗುತ್ತಿದ್ದವು. “ಗೂಡು ಮಾರ್ಕೆಟ್ ಇದ್ದಂಗೇ ಕಣವ್ವ ಇದೂ. ಗೂಡು ತಂದ್ ಸುರಿದ್ ಮ್ಯಾಕೆ ವಾಪಸ್ ತಕ್ಕೊಂಡೋಗಾಕ್ ಆಯ್ತದಾ? ಮನೇಲಿ ಇಟ್ಕಂಡ್ರೆ ಚಿಟ್ಟೆ ತೂತು ಮಾಡ್ಕೊಂಡು ಈಚೆಗ್ ಬತ್ತದೆ, ಆಮೇಲೆ ನೂಲೂ ಇಲ್ಲ, ದುಡ್ಡೂ ಇಲ್ಲ. ಅದು ತಕ್ಕಳೋನ್ಗೂ ಗೊತ್ತು. ನಾನೇ ಬಾಯ್ಬುಟ್ಟು ದಿನ ಹೇಳ್ಬುಟ್ಟೆ.”

ನನಗೆ ಅಪ್ಪನ ಮೇಲೂ ಸಿಟ್ಟು ಬಂತು. ಕಾರು ತೊಳೆಯುವವನಿಗೂ ಮನೆಯ ಕಥೆ ಹೇಳುವ ದರ್ದೇನಿತ್ತು? ಆದರೆ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೈವೇ ಪಕ್ಕ ಬಿಸಿಲಲ್ಲಿ ನಿಂತಿದ್ದ ಅವನು ಆಗಲೇ ಅರ್ಧಕ್ಕರ್ಧ ಇಳಿದುಹೋಗಿದ್ದ.

ಎರಡು ದಿನ ನಾನು ಸುಮ್ಮನಿರಲಿಲ್ಲ. ಮೈಸೂರಿಗೆ ಫೋನ್ ಮಾಡಿದೆ, ಬೆಂಗಳೂರಿಗೆ ಫೋನ್ ಮಾಡಿದೆ. ಒಂದು ಕಡೆ ಕಾಯಬೇಕು ಎಂದರು, ಇನ್ನೊಂದು ಕಡೆ ಇಲ್ಲಿಗಿಂತ ದೊಡ್ಡ ಕಿಟ್ಟಿತ್ತು. ಕಂಪನಿಯ ದೂರಿನ ನಂಬರಿಗೆ ಮಾಡಿದರೆ ಯಾವುದೋ ಸಂಗೀತ ಹಾಕಿ, ನಿಮ್ಮ ಕರೆ ನಮಗೆ ಮುಖ್ಯ ಎಂದು ಹೇಳುತ್ತಲೇ ಇದ್ದರು. ಬೇಡಿಕೆ ಹೆಚ್ಚಿದಾಗ ಬೆಲೆ ಏರುತ್ತದೆ ಎಂದು ವರ್ಷವೂ ಗೆರೆ ಎಳೆದು ಪಾಠ ಮಾಡುವವಳು ನಾನು. ಆ ವಾರ ಕ್ಲಾಸಿನಲ್ಲಿ ಅದೇ ಗೆರೆ ಎಳೆಯುವಾಗ ಸೀಮೆಸುಣ್ಣ ಮುರಿಯಿತು. ಮಕ್ಕಳು ನಕ್ಕರು. ನಾನು ಒಬ್ಬನನ್ನು ಸುಮ್ಮಸುಮ್ಮನೆ ಎಬ್ಬಿಸಿ ನಿಲ್ಲಿಸಿದೆ.

ಮನೆಗೆ ಬಂದರೆ ಇನ್ನೂ ಉಸಿರು ಕಟ್ಟುತ್ತಿತ್ತು. ಶಾಮಿಯಾನದವನು ಕಂಬ ತಂದು ಹಾಕಿ ಹೋಗಿದ್ದ. ಹಿತ್ತಿಲಲ್ಲಿ ಎರಡು ಮರಿ ಸೊಪ್ಪು ಮೇಯುತ್ತಿದ್ದವು. ಫೋನ್ ಮಾಡಿದ ನಂಟರೆಲ್ಲ ಮೊದಲು ಕೇಳುತ್ತಿದ್ದದ್ದು, ‘ಅಕ್ಕ ನಿಜವಾಗ್ಲೂ ಬತ್ತಾರಾ?’ ಎಂದು. ದಿನ ಮುಂದೆ ಹಾಕೋಣವೆಂದರೆ ಧನುರ್ಮಾಸ. ಅತ್ತೆಗೆ ಹೀಗಾಯಿತು ಎಂದು ಹೇಳೋಣವೆಂದರೆ, ‘ಈ ಸಲವೂ ಆಗಲಿಲ್ಲ’ ಎಂದಂತೆ. ಅಮ್ಮ ಒಂದು ಸಂಜೆ ಹೆದರುತ್ತ ಹೆದರುತ್ತ, “ಒಂದಿನುಕ್ಕೆ ಬಾಡ್ಗೆ ಕಾರು ತಂದ್ರೆ ಆಗಾಕಿಲ್ವ? ಅವ್ರಿಗೇನು ಗೊತ್ತಾಯ್ತದೆ?” ಎಂದಳು. ಅಪ್ಪ ಅವಳ ಮುಖ ನೋಡಿದ. ಬಾಡಿಗೆ ಕಾರಿನಿಂದಲೇ ಇಷ್ಟೆಲ್ಲ ಆದದ್ದು ಎಂದು ಅಮ್ಮನಿಗೂ ಹೊಳೆದಿರಬೇಕು, ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು. ಮನೆಯಲ್ಲಿ ಯಾವ ಬಾಗಿಲು ತೆಗೆದರೂ ಆಚೆಗೆ ಗೋಡೆ ಕಾಣುತ್ತಿದ್ದಂತಿತ್ತು.

ಕೊಟ್ಟೆವು. ಇನ್ನೇನು ಮಾಡುವುದು? ಕಣ್ಣಮುಂದೆ ದೋಚುತ್ತಿದ್ದಾರೆ ಎಂದು ಗೊತ್ತಿದ್ದೂ, ರಸೀದಿ ಇಸಿದುಕೊಂಡು, ಥ್ಯಾಂಕ್ಸ್ ಎಂದು ಹೇಳಿ ಕೊಟ್ಟೆವು. ಆ ಥ್ಯಾಂಕ್ಸ್ ನನ್ನ ಬಾಯಿಂದಲೇ ಬಂತು, ಅಭ್ಯಾಸಬಲ.

ಶನಿವಾರ ಗಾಡಿ ಬಿಟ್ಟುಕೊಟ್ಟರು. ಅದಕ್ಕೆ ರಿಬ್ಬನ್ನು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಅಪ್ಪನ ಕೈಗೆ ರಟ್ಟಿನ ದೊಡ್ಡ ಬೀಗದ ಕೈ ಕೊಟ್ಟು ಫೋಟೋ ತೆಗೆದರು. ಆ ಫೋಟೋ ಈಗಲೂ ಇದೆ. ಅಪ್ಪ ಹಬ್ಬದ ದಿನದಂತೆ ನಗುತ್ತಿದ್ದಾನೆ. ಪಕ್ಕದಲ್ಲಿ ನಾನು, ಕಂಕುಳಲ್ಲಿ ಕೊಡೆ, ಯಾರಿಗೋ ಹೊಡೆಯಲು ಹೊರಟವಳ ಹಾಗಿದ್ದೇನೆ.

ಭಾನುವಾರ ಬೆಳಗ್ಗೆ ನಾನೂ ಅಪ್ಪನೂ ತಿಪ್ಪಸಂದ್ರಕ್ಕೆ ಹೊರಟೆವು. ಅತ್ತೆ ಜಗಲಿಯಲ್ಲೇ ಕೂತಿದ್ದಳು. ಅದೇ ಒಳ್ಳೆಯ ಸೀರೆ, ಅದೇ ಬಾಚಿದ ತಲೆ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಪ್ಪ ಹೋಗಿ ಎರಡೂ ಕೈ ಹಿಡಿದು ಎಬ್ಬಿಸಿದ. ಬಾಗಿಲು ತೆಗೆದೆ. ಅತ್ತೆ ಸೀಟಿನ ಅಂಚಿಗೆ ಕೂತು, ಒಂದು ಕಾಲು ಒಳಗಿಟ್ಟು, ಇನ್ನೊಂದನ್ನೂ ಎಳೆದುಕೊಂಡಳು. ಕೆಳಗೆ ಬಗ್ಗಬೇಕಾಗಲೇ ಇಲ್ಲ. ಅಪ್ಪ ನನ್ನ ಕಡೆ ನೋಡಿದ ನೋಟದಲ್ಲಿ, ಆ ಒಂದು ಗಳಿಗೆ, ಕಿಟ್ಟಿನ ನೋವೆಲ್ಲ ತೊಳೆದುಹೋಗಿತ್ತು. ನನ್ನದು ತೊಳೆದುಹೋಗಿರಲಿಲ್ಲ.

“ಎಷ್ಟಾಯ್ತ್ಲಾ ಇದ್ಕೆ?” ಎಂದಳು ಅತ್ತೆ, ದಾರಿಯಲ್ಲಿ.

ಅಪ್ಪ ಬೋರ್ಡಿನ ಬೆಲೆ ಹೇಳಿದ. ಹೇಳುವಾಗ ಕನ್ನಡಿಯಲ್ಲಿ ನನ್ನ ಕಣ್ಣು ತಪ್ಪಿಸಿದ.

ಮನೆ ಮುಂದೆ ಜನವೋ ಜನ. ಕಾರು ನಿಂತಿತು, ಅತ್ತೆ ಸಲೀಸಾಗಿ ಇಳಿದಳು. ಹೆಂಗಸರು ಆರತಿ ಹಿಡಿದು ಬಂದರು. ಅಷ್ಟರಲ್ಲಿ ಅತ್ತೆ ತಲೆಯೆತ್ತಿ ಮನೆಯನ್ನು ನೋಡಿ, ಹಾಗೇ ನಿಂತುಬಿಟ್ಟಳು. ನಾನೂ ನೋಡಿದೆ. ಆಗ ನನಗೆ ಹೊಳೆಯಿತು. ಅಪ್ಪ ಆಗಿನ ಹುರುಪಿನಲ್ಲಿ ಮನೆಯ ಅಡಿಪಾಯವನ್ನು ಊರಿಗೆಲ್ಲ ಎತ್ತರ ಮಾಡಿಸಿದ್ದ. ಬಾಗಿಲಿಗೆ ಹೋಗಲು ಕಡಿದಾದ, ಎತ್ತೆತ್ತರದ ಮೆಟ್ಟಿಲು. ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಕಾರಿನ ಸೀಟಿನ ಎತ್ತರವನ್ನು ಕೂತು ಎದ್ದು ಪರೀಕ್ಷೆ ಮಾಡಿದ್ದೆವು. ದಿನಾ ಹತ್ತಿ ಇಳಿಯುವ ಮೆಟ್ಟಿಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅತ್ತೆ ಮೊದಲ ಮೆಟ್ಟಿಲಿಗೆ ಕಾಲೆತ್ತಿ ನೋಡಿ, ‘ಅಯ್ಯಮ್ಮಾ’ ಎಂದು ಕೆಳಗಿಟ್ಟಳು. ಅಪ್ಪನ ಮುಖ ಸುಣ್ಣವಾಯಿತು. ಇಷ್ಟೆಲ್ಲ ಮಾಡಿ ಮತ್ತೆ ಅದೇ ಮೆಟ್ಟಿಲ ಬುಡದಲ್ಲಿ ಅಕ್ಕ, ಅದೇ ಹೊಸ್ತಿಲು ಮೇಲೆ.

ಆಗಲೇ ಬಂದದ್ದು ಷೋರೂಮಿನ ಮ್ಯಾನೇಜರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಸ್ವೀಟ್ ಬಾಕ್ಸು, ಹಿಂದೆ ಸೇಲ್ಸಿನ ಹುಡುಗ. ನಿಜವಾಗಿ ಬರುತ್ತಾನೆ ಎಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಎಂಥ ಭಂಡ ಎಂದುಕೊಂಡೆ. ಅಪ್ಪ ಅವನನ್ನು ನೋಡಿದವನೇ, ಒಳಗಿನಿಂದ ಒಂದು ಮರದ ಕುರ್ಚಿ ತರಿಸಿ, ಅಕ್ಕನನ್ನು ಕೂರಿಸಿ, “ಸಾ, ಆ ಕಡೆ ಒಸಿ ಹಿಡ್ಕಳಿ,” ಎಂದ. ಆ ಮನುಷ್ಯನ ಕೈಯಲ್ಲಿದ್ದ ಸ್ವೀಟ್ ಬಾಕ್ಸನ್ನು ಯಾರೋ ಇಸಿದುಕೊಂಡರು. ಅವನು ತೋಳು ಮಡಚಿ ಹಿಡಿದ. ಅತ್ತೆ ತೆಳ್ಳನೆಯವಳಲ್ಲ. ಒಂದೊಂದು ಮೆಟ್ಟಿಲಿಗೂ ಅವನ ಇಸ್ತ್ರಿ ಒಂದೊಂದು ಕಡೆ ಮುದುಡಿತು. ಕೊನೆಯ ಮೆಟ್ಟಿಲು ಹತ್ತಿದಾಗ ಅತ್ತೆ, “ಇಳಸ್ರಪ್ಪ ಇಲ್ಲೇ. ಹೊಸ್ಲು ನಾನೇ ದಾಟ್ತೀನಿ,” ಎಂದಳು. ಅಪ್ಪನ ಕೈ ಹಿಡಿದು, ಬಲಗಾಲಿಟ್ಟು ಒಳಗೆ ಹೋದಳು. ಪಡಸಾಲೆಯ ನಡುವೆ ನಿಂತು ಸುತ್ತ ನೋಡಿ, “ಚೆನ್ನಾಗ್ ಕಟ್ಸಿದ್ದೀಯ ಕಣ್ಲಾ,” ಎಂದಳು. ಆ ಹೊತ್ತಿಗೆ ಗೋಡೆಯ ಬಣ್ಣ ಎಷ್ಟೋ ಕಡೆ ಉದುರಿಹೋಗಿತ್ತು. ಅಮ್ಮ ಅಳುತ್ತ ದೇವರಮನೆಯಿಂದ ಆ ಹಳೆಯ ಹಿತ್ತಾಳೆ ಬಿಂದಿಗೆ ತಂದು ಅವಳ ಮುಂದಿಟ್ಟಳು. ಅದನ್ನು ಇಷ್ಟು ವರ್ಷ ಯಾರೂ ನೀರಿಗೆ ಬಳಸಿರಲಿಲ್ಲ.

ಊಟಕ್ಕೆ ಅಪ್ಪ ಮ್ಯಾನೇಜರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದ. ತಾನೇ ನಿಂತು ಬಡಿಸಿದ. ಅವನು ಒಂದು ಮುದ್ದೆ ಮುಗಿಸಿ ಬೆವರು ಒರೆಸಿಕೊಂಡ. ಅಪ್ಪ ಇನ್ನೊಂದು ಹಾಕಿದ. ಸಾಕು ಯಜಮಾನ್ರೆ, ಎಂದ. ಅದರ ಮೇಲೆ ಸಾರು, ಮಾಂಸ. ಹೇಗೋ ಮುಗಿಸಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ. ಆ ಕೈಗಳ ಸಂದಿಯಲ್ಲೇ ಅಪ್ಪ ಮತ್ತೊಂದು ಮುದ್ದೆ ಜಾರಿಸಿದ.

“ಬೇಡ ಸಾರ್, ಆಗಲ್ಲ.”

“ಕಂಪಲ್ಸರಿ ಸಾ. ಕಂಪನಿಯಿಂದ ಅಲ್ಲ, ನಮ್ ಕಡೆಯಿಂದ.”

ಅಪ್ಪ ನಗಲಿಲ್ಲ. ಮ್ಯಾನೇಜರು ಮುಖ ಎತ್ತಿ ನೋಡಿ, ಕೆಂಪಗಾಗಿ, ಮತ್ತೆ ಎಲೆಗೆ ಬಗ್ಗಿದ. ಕರೆದವರ ಮನೆಯಲ್ಲಿ ಎಲೆ ಬಿಟ್ಟು ಏಳುವಂತಿಲ್ಲ. ಸೇಲ್ಸಿನ ಹುಡುಗ ಉಸಿರು ಬಿಗಿಹಿಡಿದು ತನ್ನ ಎಲೆ ಖಾಲಿ ಮಾಡುತ್ತಿದ್ದ. ನಾನು ಮಜ್ಜಿಗೆ ಚೊಂಬು ಹಿಡಿದುಕೊಂಡು ಪೂರ್ತಿ ನಿಂತು ನೋಡಿದೆ. ಆ ವಾರದಲ್ಲಿ ನನಗೆ ಸಿಕ್ಕ ನೆಮ್ಮದಿ ಅದೊಂದೇ.

ಜನ ಕರಗಿದ ಮೇಲೆ ಅತ್ತೆ ಪಡಸಾಲೆಯ ಮಂಚದ ಮೇಲೆ ಕಾಲು ನೀಡಿ ಕೂತಳು. ಅಪ್ಪ ಕೆಳಗೆ ಕೂತು ಅವಳ ಮಂಡಿಗೆ ಎಣ್ಣೆ ಹಚ್ಚುತ್ತಿದ್ದ. ನಾನು ಬಾಗಿಲ ಹತ್ತಿರ ಎಲೆಯಡಿಕೆ ತಟ್ಟೆ ಜೋಡಿಸುತ್ತಿದ್ದೆ.

“ಅದೇನ್ಲಾ ಅದು ಕಂಪಲ್ಸರಿ? ಆ ಕಾರ್ನೋನು ಜಾಸ್ತಿ ಕಿತ್ಕಂಡ್ನಾ?”

ಅಪ್ಪ ಸುಳ್ಳು ಹೇಳಲು ನೋಡಿದ, ಆಗಲಿಲ್ಲ. ಎಲ್ಲ ಹೇಳಿದ.

“ಅಷ್ಟ್ಯಾಕ್ಲಾ ಕೊಟ್ಟೆ?”

“ನೀನೇ ಅಂದಿದ್ಯಲ್ಲಕ್ಕ. ಸ್ವಂತ ಕಾರು ತಂದ್ರೇನೇ ಬರೋದು ಅಂತ.”

ಅತ್ತೆ ಬಿಂದಿಗೆಯ ಕಡೆ ನೋಡಿದಳು.

“ಅಂದೆ ಕಣ್ಲಾ. ಸಿಟ್ನಾಗೆ ಬಾಯಿಂದ ಬಂದ್ಬುಡ್ತು. ಆಮ್ಯಾಕೆ ಅದ್ನ ನುಂಗಾಕೂ ಆಗ್ನಿಲ್ಲ, ಉಗಿಯಾಕೂ ಆಗ್ನಿಲ್ಲ. ಗೌರಿ ಹಬ್ಬುಕ್ಕೆ ನೀನು ಬರೋ ದಿನ ಸೀರೆ ಉಟ್ಕಂಡು, ಬ್ಯಾಗಿಗೆ ಎರಡು ಸೀರೆ ತುಂಬ್ಕಂಡು ಕುಂತಿರ್ತಿದ್ದೆ. ಹೊರಡೋವಾಗ ‘ಬಾ ಅಕ್ಕ, ಬಸ್ಸೈತೆ’ ಅಂತ ಒಂದ್ ಮಾತ್ ಅಂತೀಯೇನೋ ಅಂತ. ವರ್ಸಾ ವರ್ಸಾ ಕುಂತಿರ್ತಿದ್ದೆ. ನೀನು ‘ಬತ್ತೀನಕ್ಕ’ ಅನ್ಬುಟ್ಟು ಹೊಂಟೋಯ್ತಿದ್ದೆ.”

ಮೊಳೆಗೆ ನೇತುಹಾಕಿದ್ದ ಆ ವೈರ್ ಬ್ಯಾಗು ನನ್ನ ಕಣ್ಣಮುಂದೆ ಬಂತು. ಹಬ್ಬಕ್ಕೆಂದು ಅತ್ತೆ ಸಿಂಗಾರ ಮಾಡಿಕೊಂಡಿದ್ದಾಳೆ ಎಂದುಕೊಂಡು ನಾವಿಬ್ಬರೂ ಆ ಬ್ಯಾಗಿನ ಮುಂದೆಯೇ ಕೂತು ಊಟ ಮಾಡಿ ಎದ್ದು ಬಂದಿದ್ದೆವು.

ಅಪ್ಪನ ಕೈ ಮಂಡಿಯ ಮೇಲೆ ಹಾಗೇ ನಿಂತಿತು. ಎಣ್ಣೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಎದ್ದು, ಮೆಟ್ಟಿಲಿಳಿದು ಅಂಗಳಕ್ಕೆ ಹೋದ. ಮಳೆಯಿರಲಿಲ್ಲ, ಧೂಳಿರಲಿಲ್ಲ, ಸಂಜೆ ಬಿಸಿಲು ಆರಿತ್ತು. ಕಿಟ್ಟಿನಲ್ಲಿ ಬಂದಿದ್ದ ಮುಸುಕನ್ನು ಬಿಚ್ಚಿ, ಆ ಹೊಸ ಕಾರನ್ನು ಮುಂದಿನಿಂದ ಹಿಂದಿನವರೆಗೆ ಮುಚ್ಚತೊಡಗಿದ.